ಪದ ಪರಿಚಯ: ಎರೆ

ಗದಗ ಕಡೆ ಇರುವ ನಮ್ಮ ಚಿಕ್ಕಪ್ಪನ ಮನೆಯ ಮುಂಬಾಗಿಲು ಶ್ರಾವಣದಲ್ಲಿ ಮುಚ್ಚುವುದಿಲ್ಲ. ಹೆಗಲು ಕೊಟ್ಟು ನೂಕಬೇಕು. ಯುಗಾದಿ ಹೊತ್ತಿಗೆ ಅದೇ ಬಾಗಿಲು ಸಲೀಸು. ಆದರೆ ಆಗ ಚೌಕಟ್ಟಿನ ಮೂಲೆಯಿಂದ ಗೋಡೆ ಮೇಲೆ ಓರೆಯಾಗಿ ಒಂದು ಬಿರುಕು ಬಾಯಿ ಬಿಡುತ್ತದೆ, ರೂಪಾಯಿ ನಾಣ್ಯ ತೂರುವಷ್ಟು. ಮರ ನೀರು ಕುಡಿದಿದೆ ಅಂತ ಬಡಿಗ ಎರಡು ಸಲ ಬಂದು ಅಂಚು ಹೆರೆದು ಹೋದ. ಆಮೇಲೆ ಬಂದ ಗೌಂಡಿ ಬಾಗಿಲ ಕಡೆ ನೋಡಲೇ ಇಲ್ಲ. ಅಂಗಳದ ಹೆಂಟೆಯೊಂದನ್ನು ಕೈಗೆತ್ತಿಕೊಂಡು, "ಇದು ಎರಿ ಐತ್ರಿ ಸಾವಕಾರ್ರ. ಮಳಿಗಾಲದಾಗ ಉಬ್ಬತೈತಿ, ಬ್ಯಾಸಿಗ್ಯಾಗ ಕುಂದ್ರತೈತಿ. ಬಾಗಲಾ ಏನ್ ಮಾಡೀತ್ರಿ ಪಾಪ?" ಅಂದ.

ಎರೆ ಅಂದರೆ ಕಪ್ಪು ಜಿಗುಟು ಮಣ್ಣು. ಮಾತಿನಲ್ಲಿ ಎರಿ. ಕೆಂಪು ನೆಲ ಮಸಾರಿಯಾದರೆ, ಕಪ್ಪು ನೆಲ ಎರಿ. ಪಠ್ಯಪುಸ್ತಕದಲ್ಲಿ ಇದು ಕಪ್ಪು ಹತ್ತಿ ಮಣ್ಣು, ಎಂಜಿನಿಯರುಗಳ ಬಾಯಲ್ಲಿ ಬಿ.ಸಿ. (ಬ್ಲ್ಯಾಕ್ ಕಾಟನ್) ಸಾಯಿಲ್. ಎರೆಗೊಬ್ಬರದ ಎರೆ ಬೇರೆ, ಅದು ಹುಳುವಿನದು. ವಿಜಯಪುರ, ಬಾಗಲಕೋಟೆ, ಕಲಬುರಗಿ, ರಾಯಚೂರು, ಗದಗ, ಧಾರವಾಡ ಜಿಲ್ಲೆಗಳಲ್ಲಿ ಎರೆ ಹೊಲಗಳು ಕಣ್ಣು ಹಾಯುವಷ್ಟು ದೂರ ಇವೆ. ಹಿಂಗಾರಿ ಜೋಳಕ್ಕೆ, ಕಡಲೆಗೆ ಇದಕ್ಕಿಂತ ಒಳ್ಳೆಯ ನೆಲ ಬೇಕಾ? ತಿಂಗಳುಗಟ್ಟಲೆ ತೇವ ಹಿಡಿದಿಟ್ಟುಕೊಳ್ಳುತ್ತದೆ. ಮನೆ ಕಟ್ಟುವವರಿಗೆ ಈ ಗುಣವೇ ತಲೆನೋವು.

ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವುದೂ ಎರೆಯಲ್ಲೇ. ಬಿಸಿಲಿಗಿಟ್ಟರೆ ಎತ್ತಿನ ಕೊರಳು ಬಿರಿಯುತ್ತದೆ, ನೆರಳಲ್ಲಿ ಒಣಗಿಸಬೇಕು. ಮಕ್ಕಳಿಗೂ ಗೊತ್ತಿರುವ ಈ ಸಂಗತಿ ಸೈಟು ಕೊಳ್ಳುವಾಗ ದೊಡ್ಡವರಿಗೆ ಮರೆತೇ ಹೋಗುತ್ತದೆ.

ಹಿಗ್ಗಿ ಕುಗ್ಗುವುದಕ್ಕೆ ಕಾರಣ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ. ಅದರ ರಚನೆ ಹಾಳೆಯ ಮೇಲೆ ಹಾಳೆ ಪೇರಿಸಿಟ್ಟಂತೆ. ಹಾಳೆಗಳ ನಡುವೆ ನೀರು ನುಗ್ಗಿದರೆ ಅವು ದೂರ ಸರಿಯುತ್ತವೆ, ನೀರು ಆರಿದರೆ ಮತ್ತೆ ಹತ್ತಿರ ಬರುತ್ತವೆ. ಇದನ್ನು ಅಳೆಯುವ ಒಂದು ಪರೀಕ್ಷೆ ನನಗೆ ಬಹಳ ಇಷ್ಟ. ಒಣಗಿಸಿ ಜರಡಿ ಹಿಡಿದ ಮಣ್ಣು 10 ಗ್ರಾಂ ಒಂದು ಗಾಜಿನ ಅಳತೆ ಕೊಳವೆಗೆ, 10 ಗ್ರಾಂ ಇನ್ನೊಂದಕ್ಕೆ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಸೀಮೆಎಣ್ಣೆ. 24 ಗಂಟೆ ಬಿಟ್ಟು ನೋಡಬೇಕು. ಸೀಮೆಎಣ್ಣೆಯಲ್ಲಿ ಎರೆ ಊದುವುದಿಲ್ಲ, ಸುಮ್ನೆ ಕೆಳಗೆ ಕೂತಿರುತ್ತದೆ. ಅಲ್ಲಿ ಮಣ್ಣು 10 ಮಿ.ಲೀ. ಗೆರೆಗೂ ನೀರಿನಲ್ಲಿ 18ರ ಗೆರೆಗೂ ಬಂದಿದ್ದರೆ ಊದುವಿಕೆ ಶೇ 80. ಶೇ 50ರ ಒಳಗಿದ್ದರೆ ಚಿಂತೆ ಕಮ್ಮಿ. 100 ದಾಟಿದರೆ ಜಾಸ್ತಿ, 200 ದಾಟಿದರೆ ತೀರಾ ಜಾಸ್ತಿ. ಮಣ್ಣು ಪರೀಕ್ಷೆಯ ಲ್ಯಾಬುಗಳು ಇದನ್ನು ಮಾಡಿಕೊಡುತ್ತವೆ. ಗೊಬ್ಬರಕ್ಕಾಗಿ ರೈತರು ಮಾಡಿಸುವ ಮಣ್ಣು ಪರೀಕ್ಷೆ ಇದಲ್ಲ, ಕೇಳುವಾಗ ಬಿಡಿಸಿ ಹೇಳಿ.

ಇನ್ನು ಎರೆ ಎಷ್ಟು ಆಳ ಇದೆ ಅನ್ನುವುದು. ಎರಡು ಮೂರು ಅಡಿ ಮಾತ್ರ ಇದ್ದರೆ ಅದನ್ನು ತೆಗೆದು ಕೆಳಗಿನ ಗರಸಿನ (ಗಟ್ಟಿ ಕಲ್ಲುಮಿಶ್ರಿತ ಮಣ್ಣು) ಮೇಲೆ ಪಾಯ ಹಾಕುತ್ತಾರೆ. ತುಂಬಾ ಆಳವಿದ್ದರೆ ಬುಡದಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟ್ ಕಂಬಗಳನ್ನು ಇಳಿಸುತ್ತಾರೆ. ಇವೇ ಅಂಡರ್-ರೀಮ್ಡ್ ಪೈಲ್. ನಮ್ಮ ದೇಶದ ಎರೆಗೆ ಇವುಗಳನ್ನು ಒಗ್ಗಿಸಿದ್ದು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ. ಆಳದ ಎರೆಯಲ್ಲಿ ಕಂಬ ಕನಿಷ್ಠ 3.5 ಮೀಟರ್ ಇಳಿಯಬೇಕು. ಅಷ್ಟು ಕೆಳಗೆ ಮಳೆ ಬಿಸಿಲಿನ ಆಟ ಅಷ್ಟಾಗಿ ನಡೆಯುವುದಿಲ್ಲ.

ಶೌಚದ ಗುಂಡಿಯ ವಿಷಯದಲ್ಲಂತೂ ಎರೆ ಮೋಸ ಮಾಡುತ್ತದೆ. ಏಪ್ರಿಲ್‌ನಲ್ಲಿ ಗುಂಡಿ ತೋಡಿ ನಾಲ್ಕು ಕೊಡ ನೀರು ಸುರಿಯಿರಿ, ಗಟಗಟ ಕುಡಿದುಬಿಡುತ್ತದೆ. ಅದು ಮಣ್ಣು ಕುಡಿದದ್ದಲ್ಲ, ಬಿರುಕು ನುಂಗಿದ್ದು. ನಾಲ್ಕು ಮಳೆ ಬಿದ್ದು ಬಿರುಕು ಕೂಡಿಕೊಂಡ ಮೇಲೆ ಅದೇ ಗುಂಡಿ ಮುಚ್ಚಿದ ಹಂಡೆ! ಅದಕ್ಕೇ ಇಂಗುವ ಪರೀಕ್ಷೆಗೆ ಮೊದಲು ಗುಂಡಿಗೆ ನೀರು ತುಂಬಿ ರಾತ್ರಿಯಿಡೀ ನೆನೆಯಲು ಬಿಡುತ್ತಾರೆ. ಮರುದಿನ ಅಳೆಯುತ್ತಾರೆ. ನೀರು 25 ಮಿ.ಮೀ. ಇಳಿಯಲು ಅರ್ಧ ಗಂಟೆಗಿಂತ ಜಾಸ್ತಿ ಹಿಡಿದರೆ ಇಂಗುಗುಂಡಿಯನ್ನು ನೆಚ್ಚಿಕೊಳ್ಳಬೇಡಿ. ಸೆಪ್ಟಿಕ್ ಟ್ಯಾಂಕಿನಿಂದ ಹೊರಬರುವ ನೀರಿಗೆ ಬೇರೆ ದಾರಿಯನ್ನು ಮೊದಲೇ ಯೋಚಿಸಬೇಕು.

ಕೈತೋಟ ಮಾಡುವವರಿಗೆ ಇಷ್ಟು ಕಷ್ಟವಿಲ್ಲ. ಹಸಿ ಇದ್ದಾಗ ಎರೆ ಗುದ್ದಲಿಗೆ ಅಂಟುತ್ತದೆ, ಒಣಗಿದರೆ ಕಲ್ಲು. ನಡುವೆ ಕೆಲವೇ ದಿನ ಹದ ಇರುತ್ತದೆ, ಆಗಲೇ ಅಗೆದು ಗೊಬ್ಬರ ಸೇರಿಸಿ ಏರು ಮಡಿ ಮಾಡಿಕೊಳ್ಳಬೇಕು. ಗೋಡೆಯ ಬುಡಕ್ಕೆ ಮಾತ್ರ ಗಿಡ ಬೇಡ. ದಿನಾ ಹಾಕುವ ನೀರಿಗೆ ಅಲ್ಲಿನ ಮಣ್ಣು ಉಬ್ಬುತ್ತದೆ. ದೊಡ್ಡ ಮರವಾದರೆ ಬೇರು ನೀರೆಳೆದು ಅದೇ ಮಣ್ಣನ್ನು ಕುಗ್ಗಿಸುತ್ತದೆ.

ಚಿಕ್ಕಪ್ಪ ಗೋಡೆ ಪಕ್ಕದ ದಾಸವಾಳ ಕಿತ್ತು ಆಚೆ ನೆಟ್ಟರು. ಸುತ್ತ ಮೂರಡಿ ಕಾಂಕ್ರೀಟ್ ಹಾಕಿಸಿ ಸೂರಿನ ನೀರನ್ನು ದೂರ ಹರಿಸಿದರು. ಈಗ ಮಳೆಗಾಲದಲ್ಲೂ ಬಾಗಿಲು ಮುಚ್ಚುತ್ತದೆ. ಎರಡು ಸಲ ಹೆರೆದಿದ್ದರಿಂದ ಕೆಳಗೆ ಒಂದು ಬೆರಳು ಸಂದಿ ಉಳಿದಿದೆ. ಹಲ್ಲಿ ಆರಾಮಾಗಿ ಒಳಗೆ ಬರುತ್ತದೆ.