ಕತ್ತರಿಯೇ ಚಳಿಗಾಲ

ಕಾಶ್ಮೀರದಲ್ಲೋ ಇಂಗ್ಲೆಂಡಿನಲ್ಲೋ ಗುಲಾಬಿ ಗಿಡ ವರ್ಷಕ್ಕೊಮ್ಮೆ ನಿದ್ದೆ ಹೋಗುತ್ತದೆ. ಚಳಿಗೆ ಎಲೆ ಉದುರಿಸಿ, ವಸಂತದಲ್ಲಿ ಹೊಸದಾಗಿ ಚಿಗುರುತ್ತದೆ. ಬೆಂಗಳೂರಿನ ಗುಲಾಬಿಗೆ ಆ ಭಾಗ್ಯವಿಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಈ ಊರಲ್ಲಿ ಜನವರಿಯ ರಾತ್ರಿಯೂ 15–16 ಡಿಗ್ರಿ ಇರುತ್ತದೆ. ಗಿಡ ಬೆಳೆಯುತ್ತಲೇ ಹೋಗುತ್ತದೆ. ಬುಡ ಒರಟಾಗುತ್ತದೆ, ತುದಿಯಲ್ಲಿ ಕಡ್ಡಿಯಂಥ ಚಿಗುರು, ಅದರ ಮೇಲೊಂದು ಸಣಕಲು ಹೂ. ‘ಗೊಬ್ಬರ ಸಾಲದು’ ಎಂದು ಇನ್ನಷ್ಟು ಸುರಿಯುವವರೇ ಹೆಚ್ಚು. ಆ ಗಿಡಕ್ಕೆ ಬೇಕಿರುವುದು ಕತ್ತರಿ.

ಕಾಡು ಗುಲಾಬಿಗಳಲ್ಲಿ ಹೆಚ್ಚಿನವು ವರ್ಷಕ್ಕೊಂದೇ ಸಲ ಹೂ ಬಿಡುತ್ತವೆ. ಉಳಿದ ತಿಂಗಳು ಹೂವನ್ನು ತಡೆಯುವ ಜೀನ್ ಅವುಗಳಲ್ಲಿದೆ. ಚೀನಾದ ತೋಟಗಳ ಗುಲಾಬಿಯಲ್ಲಿ ಈ ಜೀನ್‌ನ ನಡುವೆ ಬೇರೊಂದು ಡಿಎನ್‌ಎ ತುಣುಕು ಬಂದು ಸೇರಿ ಅದು ಕೆಟ್ಟಿತು. 18ನೇ ಶತಮಾನದ ಕೊನೆಯ ಹೊತ್ತಿಗೆ ಆ ಗಿಡಗಳು ಯುರೋಪು ತಲುಪಿದವು. ಇಂದಿನ ಹೈಬ್ರಿಡ್ ಟೀ ಎಂಬ ದೊಡ್ಡ ಹೂವಿನ ತಳಿಗಳಲ್ಲಿ ಹರಿಯುವುದು ಅದೇ ರಕ್ತ. ಹಾಗಾಗಿ ಇವುಗಳಲ್ಲಿ ಗಟ್ಟಿಯಾದ ಹೊಸ ಚಿಗುರು ಬಂದರೆ ಅದರ ತುದಿಯಲ್ಲಿ ಹೂವೂ ಬಂದಂತೆಯೇ. ಚಿಗುರು ಬರಿಸುವುದು ಸುಲಭ. ಕೊಂಬೆಯ ತುದಿ ಆಕ್ಸಿನ್ ಎಂಬ ಹಾರ್ಮೋನನ್ನು ಕೆಳಗೆ ಕಳಿಸುತ್ತ ಕೆಳಗಿನ ಕಣ್ಣುಗಳನ್ನು, ಅಂದರೆ ಎಲೆಯ ಬುಡದ ಚಿಗುರುಮೊಗ್ಗುಗಳನ್ನು, ಸುಮ್ಮನಿರಿಸಿರುತ್ತದೆ. ತುದಿ ಕತ್ತರಿಸಿದರೆ ಅವು ಎಚ್ಚರಗೊಳ್ಳುತ್ತವೆ.

ದೊಡ್ಡ ಪ್ರೂನಿಂಗ್‌ಗೆ ಅಕ್ಟೋಬರ್ ಒಳ್ಳೆಯದು. ಮೊದಲು ಒಣಗಿದ, ಒಳಮುಖವಾಗಿ ಬೆಳೆದ, ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ಬುಡಕ್ಕೇ ತೆಗೆಯಿರಿ. ಉಳಿದ ನಾಲ್ಕೈದು ಗಟ್ಟಿ ಕೊಂಬೆಗಳನ್ನು ಅರ್ಧ ಎತ್ತರಕ್ಕೆ ಇಳಿಸಿ. ಹೊರಮುಖದ ಕಣ್ಣಿನ ಮೇಲೆ ಅರ್ಧ ಸೆಂಟಿಮೀಟರ್ ಬಿಟ್ಟು, ನೀರು ಕಣ್ಣಿನ ಮೇಲೆ ಹರಿಯದಂತೆ ಓರೆಯಾಗಿ ಕತ್ತರಿಸಬೇಕು. ಹೆಚ್ಚು ಬಿಟ್ಟರೆ ಆ ಮೋಟು ಒಣಗಿ, ಕಪ್ಪು ಬಣ್ಣ ಕೆಳಗಿಳಿಯುತ್ತ ಇಡೀ ಕೊಂಬೆಯನ್ನೇ ನುಂಗುತ್ತದೆ. ಕಾಪರ್ ಆಕ್ಸಿಕ್ಲೋರೈಡ್ ಪುಡಿಯನ್ನು ನೀರಲ್ಲಿ ಕಲಸಿ ಗಾಯಕ್ಕೆ ಹಚ್ಚುವುದು ಇದಕ್ಕಾಗಿಯೇ. 12 ಇಂಚಿನ ಕುಂಡವಾದರೆ ಎರಡು ಹಿಡಿ ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಸಾಕು.

ಕಸಿ ಗಂಟಿನ ಕೆಳಗಿನಿಂದ ಬರುವ ಚಿಗುರು ಮಾತ್ರ ಶತ್ರು. ಅದು ಬೇರು ಕೊಟ್ಟ ಕಾಡು ಗಿಡದ್ದು. ಬಿಟ್ಟರೆ ಮೇಲಿನ ತಳಿಯನ್ನು ಸೊರಗಿಸುತ್ತದೆ. ‘ಏಳೆಲೆ ಇದ್ದರೆ ಕಾಡು’ ಎಂಬ ನರ್ಸರಿ ಮಾತನ್ನು ನಂಬಬೇಡಿ, ಒಳ್ಳೆಯ ತಳಿಗಳಲ್ಲೂ ಒಂದೇ ಗರಿಯಲ್ಲಿ ಏಳೆಲೆ ಬರುತ್ತದೆ. ಚಿಗುರು ಹೊರಟ ಜಾಗವನ್ನೇ ನೋಡಬೇಕು.

ಕತ್ತರಿಸಿದ ದಿನದಿಂದ ಹೂ ಅರಳಲು ಸುಮಾರು 45–50 ದಿನ ಬೇಕು. ಲಾಲ್‌ಬಾಗ್‌ನಲ್ಲಿ ಫಲಪುಷ್ಪ ಪ್ರದರ್ಶನ ನಡೆಯುವ ಜನವರಿ 26ರ ಹೊತ್ತಿಗೆ ನಿಮ್ಮ ತಾರಸಿಯಲ್ಲೂ ಹೂ ಬೇಕೆಂದರೆ ಡಿಸೆಂಬರ್ ಎರಡನೇ ವಾರ ಮತ್ತೊಮ್ಮೆ ಹಗುರವಾಗಿ ಸವರಿ. ತಣ್ಣನೆಯ ರಾತ್ರಿಗಳಲ್ಲಿ ಮೊಗ್ಗು ನಿಧಾನವಾಗಿ ಬಲಿಯುವುದರಿಂದ ಹೂ ದೊಡ್ಡದಾಗುತ್ತದೆ, ಕೆಂಪು ಗಾಢವಾಗುತ್ತದೆ. ಏಪ್ರಿಲ್‌ನಲ್ಲಿ ಅದೇ ಗಿಡದ ಹೂ ಬೇಗ ಅರಳಿ, ಬಣ್ಣ ಕಳೆದುಕೊಂಡು, ಮೂರನೇ ದಿನಕ್ಕೆ ಉದುರುವುದನ್ನು ಕಂಡವರಿಗೆ ವ್ಯತ್ಯಾಸ ತಿಳಿದೇ ಇರುತ್ತದೆ. ಬಾಡಿದ ಹೂವನ್ನು ತೊಟ್ಟಿನಲ್ಲಿ ಚಿವುಟಿ ಸುಮ್ಮನಾಗಬೇಡಿ. ಕೆಳಗೆ ಐದೆಲೆಯ ಗರಿ ಸಿಗುವವರೆಗೆ ಇಳಿದು ಕತ್ತರಿಸಿ. ಮೇಲಿನ ಮೂರೆಲೆಯ ಕಣ್ಣಿನಿಂದ ಬರುವ ಚಿಗುರು ಬಡಕಲು.

ಹಿತವಾದ ಹವೆ ಶಿಲೀಂಧ್ರಕ್ಕೂ ಹಿತ. ಕಪ್ಪುಚುಕ್ಕೆ ರೋಗದ ಬೀಜಕ ಮೊಳೆಯಲು ಎಲೆ ಏಳೆಂಟು ಗಂಟೆ ಒದ್ದೆಯಾಗಿರಬೇಕು, ಆದ್ದರಿಂದ ಅದು ಮಳೆಗಾಲದ್ದು. ಸಂಜೆ ಎಲೆ ಮೇಲೆ ನೀರು ಹೊಡೆಯುವವರು ಬೇಸಿಗೆಯಲ್ಲೂ ಅದನ್ನು ಕರೆತರುತ್ತಾರೆ. ಬೂದಿ ರೋಗಕ್ಕೆ ಎಲೆ ಒದ್ದೆಯಾಗಬೇಕಿಲ್ಲ. ಒಣ ಹಗಲು, ತಂಪಾದ ತೇವದ ರಾತ್ರಿ ಸಾಕು. ಎಳೆ ಚಿಗುರು ಮುದುಡಿ ಬಿಳಿಯಾಗುತ್ತಿದ್ದಂತೆ ನೀರಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2 ಗ್ರಾಂನಂತೆ ಬೆಳಗ್ಗೆ ಸಿಂಪಡಿಸಿ. ಬಿಸಿಲು 32 ಡಿಗ್ರಿ ದಾಟುವ ದಿನಗಳಲ್ಲಿ ಬೇಡ, ಎಲೆ ಸುಡುತ್ತದೆ.

ಪಕ್ಕದ ಕುಂಡದ ಸೇವಂತಿಗೆಯ ಲೆಕ್ಕವೇ ಬೇರೆ. ಅದು ಎಣಿಸುವುದು ರಾತ್ರಿಯ ಉದ್ದವನ್ನು; ರಾತ್ರಿ ಉದ್ದವಾದ ಮೇಲೆಯೇ ಮೊಗ್ಗು ಬಿಡುತ್ತದೆ. ಬೆಂಗಳೂರಿನ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಒಂದೂವರೆ ಗಂಟೆಯಷ್ಟೇ ಅಂತರ, ಆದರೂ ಗಿಡಕ್ಕೆ ಅದು ತಿಳಿಯುತ್ತದೆ. ಜೂನ್–ಜುಲೈನಲ್ಲಿ ನೆಟ್ಟು, ನಾಲ್ಕು ವಾರಕ್ಕೆ ಕುಡಿ ಚಿವುಟಿದರೆ ಕವಲೊಡೆದು ಪೊದೆಯಾಗುತ್ತದೆ. ಇಷ್ಟಾದ ಮೇಲೂ ನವೆಂಬರ್‌ನಲ್ಲಿ ಮೊಗ್ಗೇ ಇಲ್ಲದೆ ಹಸಿರಾಗಿ ನಿಂತಿದ್ದರೆ ಗೊಬ್ಬರದ ಚೀಲ ತೆರೆಯುವ ಮುನ್ನ ರಾತ್ರಿ ಹತ್ತಕ್ಕೊಮ್ಮೆ ಹೊರಗೆ ಹೋಗಿ ನೋಡಿ. ಬೀದಿದೀಪವೋ ಗೇಟಿನ ಬಲ್ಬೋ ಎಲೆಯ ಮೇಲೆ ಬಿದ್ದು, ಗಿಡದ ಪಾಲಿನ ಉದ್ದನೆಯ ರಾತ್ರಿಯನ್ನು ತುಂಡರಿಸುತ್ತಿರಬಹುದು. ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸಿನಲ್ಲಿ ಬೆಳೆಯುವವರು ಹೂ ತಡ ಮಾಡಬೇಕಾದಾಗ ಬೇಕೆಂದೇ ರಾತ್ರಿ ಬಲ್ಬ್ ಉರಿಸುತ್ತಾರೆ. ಕುಂಡವನ್ನು ಮನೆಯ ಹಿಂದಿನ ಕತ್ತಲಿಗೆ ಸರಿಸಿದರೆ ಕೆಲವು ವಾರಗಳಲ್ಲಿ ಮೊಗ್ಗು ಕಾಣುತ್ತದೆ.