ಥೈಮಸ್ ಕೆಲಸ ತಟ್ಟೆಗೆ ಬಂದದ್ದು ಹೇಗೆ

ಕೋಲಾರ, ಚಿಕ್ಕಬಳ್ಳಾಪುರದ ರಕ್ತ ಕ್ಯಾನ್ಸರ್ ರೋಗಿಗಳು ಕಾರ್-ಟಿ ಚಿಕಿತ್ಸೆಗೆ ಬೆಂಗಳೂರಿನ ಹಾದಿ ಹಿಡಿಯಬೇಕು. ಅಲ್ಲಿ ರೋಗಿಯ ರಕ್ತದಿಂದಲೇ ಟಿ ಕೋಶಗಳನ್ನು (ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣ) ಬೇರ್ಪಡಿಸಿ, ಕ್ಯಾನ್ಸರ್ ಗುರುತಿಸುವಂತೆ ಹೊಸ ಜೀನ್ ಸೇರಿಸಿ, ಬೆಳೆಸಿ ಮತ್ತೆ ಕೊಡುತ್ತಾರೆ. ವಾರಗಟ್ಟಲೆ ಕಾಯಬೇಕು. ಹಲವು ಸುತ್ತು ಕೀಮೋ ಆದವರ ಟಿ ಕೋಶಗಳಿಗೆ ಸಂಖ್ಯೆಯೂ ಇರುವುದಿಲ್ಲ, ಕಸುವೂ ಇರುವುದಿಲ್ಲ. ಕೆಲವೊಮ್ಮೆ ತಯಾರಿಕೆಯೇ ಕೈಕೊಡುತ್ತದೆ. ಕಾಂಡಕೋಶದಿಂದ (ಬೇರೆ ಬೇರೆ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಟಿ ಕೋಶ ಬೆಳೆಸಿ ಮೊದಲೇ ದಾಸ್ತಾನು ಮಾಡಿಡುವ ಕೆಲಸಕ್ಕೆ ಇಷ್ಟು ಬೆಲೆ ಬಂದಿರುವುದು ಇದರಿಂದಲೇ.

ಟಿ ಕೋಶದ ಮೂಲ ಮಜ್ಜೆಯಲ್ಲಿದ್ದರೂ ಅದು ಪಳಗುವುದು ಎದೆಮೂಳೆಯ ಹಿಂದಿನ ಥೈಮಸ್‌ನಲ್ಲಿ. 1961ರಲ್ಲಿ ವಿಜ್ಞಾನಿ ಜಾಕ್ ಮಿಲ್ಲರ್ ಇಲಿಮರಿಗಳ ಥೈಮಸ್ ತೆಗೆದು ಆ ಗ್ರಂಥಿಯ ಕೆಲಸ ತೋರಿಸಿಕೊಟ್ಟರು. ಥೈಮಸ್ ತುಣುಕೇ ಇಲ್ಲದೆ ಬರೀ ಪ್ರಯೋಗಾಲಯದ ತಟ್ಟೆಯಲ್ಲಿ ಆ ಕೆಲಸ ಮಾಡಿದ್ದು 2002ರಲ್ಲಿ. ಟೊರಾಂಟೊದ ಸ್ಮಿಟ್ ಮತ್ತು ಝೂನಿಗಾ-ಫ್ಲೂಕರ್ ಇಲಿ ಮಜ್ಜೆಯ ಒಪಿ9 ಕೋಶಗಳಿಗೆ ಡಿಎಲ್1 ಪ್ರೋಟೀನಿನ ಜೀನ್ ಹಾಕಿದರು. ಆ ಪ್ರೋಟೀನ್ ಪಕ್ಕದ ಕೋಶದ ನಾಚ್ ಗ್ರಾಹಕಕ್ಕೆ (ಕೋಶದ ಮೈಮೇಲೆ ಸಂಕೇತ ಹಿಡಿಯುವ ಪ್ರೋಟೀನ್) ತಗುಲಿದರೆ, ಆ ಕೋಶ ಇನ್ನೊಂದು ಬಗೆಯ ಬಿಳಿ ರಕ್ತಕಣವಾದ ಬಿ ಕೋಶದ ದಾರಿ ಬಿಟ್ಟು ಟಿ ದಾರಿ ಹಿಡಿಯುತ್ತದೆ. ಆದರೆ ಒಪಿ9 ತಟ್ಟೆ ತುಂಬಿದ ಮೇಲೂ ಹಾಗೇ ಬಿಟ್ಟರೆ ಕೊಬ್ಬಿನ ಕೋಶವಾಗಿ ಕೆಡುತ್ತದೆ. ಕೋಶಗಳಿಗೆ ಪೋಷಣೆಯಾಗಿ ಹಾಕುವ ಸೀರಂನ (ಪ್ರಾಣಿರಕ್ತದ ತಿಳಿ) ಬ್ಯಾಚ್ ಬದಲಾದರೆ ಫಲಿತಾಂಶವೂ ಬದಲು.

2017ರಲ್ಲಿ ಲಾಸ್ ಏಂಜಲೀಸ್‌ನ ಗೇ ಕ್ರೂಕ್ಸ್ ತಂಡ ಸೀರಂ ಕೈಬಿಟ್ಟಿತು. ಡಿಎಲ್1 ಇರುವ 1.5 ಲಕ್ಷ ಎಂಎಸ್5 ಕೋಶಗಳ (ಇವೂ ಇಲಿ ಮಜ್ಜೆಯವೇ) ಜೊತೆ ಕೆಲವು ಸಾವಿರ ರಕ್ತದ ಕಾಂಡಕೋಶ ಬೆರೆಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನ ದ್ರವವನ್ನು ಆದಷ್ಟೂ ತೆಗೆದು, 5 ಮೈಕ್ರೋಲೀಟರಿನ ಹನಿಯಾಗಿ 0.4 ಮೈಕ್ರಾನ್ ರಂಧ್ರದ ಪೊರೆಯ ಮೇಲಿಡುತ್ತಾರೆ. ಪೊರೆಯ ಕೆಳಗೆ 1 ಮಿ.ಲೀ. ಮಾಧ್ಯಮ (ಕೋಶಗಳ ಪೋಷಕ ದ್ರವ), ಅದರಲ್ಲಿ ಕೋಶ ಬೆಳೆಸುವ ಪ್ರೋಟೀನುಗಳಾದ ಐಎಲ್-7 ಮತ್ತು ಫ್ಲ್ಟ್3 ಲೈಗ್ಯಾಂಡ್ ಮಿ.ಲೀ.ಗೆ ತಲಾ 5 ನ್ಯಾನೋಗ್ರಾಂ, ಜೊತೆಗೆ ವಿಟಮಿನ್ ಸಿ. 3-4 ದಿನಕ್ಕೊಮ್ಮೆ ಮಾಧ್ಯಮ ಬದಲಿಸಬೇಕು. ಹನಿಯ ಮೇಲ್ಭಾಗ ಗಾಳಿಗೆ ತೆರೆದಿರಲೇಬೇಕು. ಹನಿಯಲ್ಲಿ ದ್ರವ ಹೆಚ್ಚಾಗಿ ಹರಡಿಹೋದರೆ ಮುದ್ದೆ ಕಟ್ಟುವುದಿಲ್ಲ. ಬಲಿತ ಕೋಶ ಸಿಗಲು ಸುಮಾರು ಆರು ವಾರ.

ದಾನಿಯನ್ನು ಮತ್ತೆ ಮತ್ತೆ ಹುಡುಕದಿರಲು ಜಪಾನಿನ ವಿಜ್ಞಾನಿ ಯಮನಾಕ ತೋರಿಸಿದ ಐಪಿಎಸ್ ಕೋಶಗಳಿವೆ, ಅಂದರೆ ಬೆಳೆದ ಕೋಶವನ್ನೇ ಹಿಂದಕ್ಕೆ ತಿರುಗಿಸಿ ಮಾಡಿದ, ಬೇಕಾದಷ್ಟು ಬೆಳೆಸಬಹುದಾದ ಕಾಂಡಕೋಶ. ಕಷ್ಟವೆಲ್ಲ ಇರುವುದು ಹೊತ್ತುಗೊತ್ತಿನಲ್ಲಿ. ಟಿ ಕೋಶ ಬಲಿಯುವಾಗ ಅದರ ಮೈಮೇಲೆ ಸಿಡಿ4, ಸಿಡಿ8 ಎಂಬ ಗುರುತಿನ ಪ್ರೋಟೀನುಗಳು ಮೂಡುತ್ತವೆ. ಎರಡೂ ಗುರುತು ಹೊತ್ತ ಕೋಶಗಳನ್ನು ಬೇರ್ಪಡಿಸದೆ ಪ್ರಚೋದಿಸಿದರೆ, ಎರಡೂ ಗುರುತಿಲ್ಲದ ಕೋಶಗಳು ಅವನ್ನು ಕೊಂದುಹಾಕುತ್ತವೆ. ನಾಚ್ ಸಂಕೇತ ಕೊನೆಯವರೆಗೂ ಜೋರಾಗಿದ್ದರೆ ಸಿಡಿ4 ಸಹಾಯಕ ಕೋಶ ಬಲಿಯುವುದಿಲ್ಲ. ಮೊದಲು ಕೊಟ್ಟು, ತಕ್ಕ ಹಂತದಲ್ಲಿ ತಗ್ಗಿಸಬೇಕು. ಸಿಡಿ8 ಕೊಲೆಗಾರ ಕೋಶ ಮೊದಲು ಕೈಗೆ ಸಿಕ್ಕಿ, ಸಹಾಯಕ ಕೋಶ ವರ್ಷಗಟ್ಟಲೆ ಸತಾಯಿಸಿದ್ದು ಇದೇ ಕಾರಣಕ್ಕೆ.

2021ರಲ್ಲಿ ಐಪಿಎಸ್‌ನಿಂದ ಬೆಳೆಸಿದ ಕಾರ್-ಟಿ ಕೋಶ, ಎಫ್‌ಟಿ819, ಮೊದಲ ಬಾರಿ ರೋಗಿಗೆ ಸೇರಿತು. ಪರಕೀಯವನ್ನು ಗುರುತಿಸುವ ಅದರ ಸಹಜ ಟಿ ಗ್ರಾಹಕವನ್ನು ತೆಗೆದಿರುವುದರಿಂದ ರೋಗಿಯ ಅಂಗಾಂಗದ ಮೇಲೆ ಬೀಳುವುದಿಲ್ಲ. ರೋಗಿಯ ದೇಹ ಪರಕೀಯ ಕೋಶವನ್ನು ಹೊರದೂಡುವ ತೊಂದರೆ ಇನ್ನೂ ಪೂರ್ತಿ ಬಗೆಹರಿದಿಲ್ಲ.

ಇಂಥ ಕೋಶಗಳ ಸಾಗಾಟಕ್ಕೆ ಬೇಕಿರುವುದು ದ್ರವ ಸಾರಜನಕದ ಶೀತ. ನಮ್ಮ ಹಳ್ಳಿಗಳಲ್ಲಿ ಹಸುಗಳ ಕೃತಕ ಗರ್ಭಧಾರಣೆಗೆ ವೀರ್ಯದ ಕಡ್ಡಿಗಳು ಬರುವುದೂ ಅದರಲ್ಲೇ. ಕೋಲಾರದವರೆಗೆ ಕೋಶ ತಲುಪಿಸುವುದು ಆಗದ ಮಾತಲ್ಲ. ಆದರೆ ಕೋಶ ಕೊಟ್ಟ ಮೇಲೆ ಜ್ವರ ಏರಿ ರಕ್ತದೊತ್ತಡ ಕುಸಿದರೆ ಅದನ್ನು ತಣಿಸುವ ಔಷಧ ಟೊಸಿಲಿಜುಮ್ಯಾಬ್ ಮತ್ತು ಐಸಿಯು ಹಾಸಿಗೆ ಅದೇ ಆಸ್ಪತ್ರೆಯಲ್ಲಿ ಸಿದ್ಧವಿರಬೇಕು.