ಬ್ರೇಕ್ ಪ್ಯಾಡ್ ಆಯ್ಕೆಯಲ್ಲಿ ಬಿಸಿಯ ಲೆಕ್ಕ

ಟ್ರ್ಯಾಕ್‌ನಲ್ಲಿ ಕಾರು ಓಡಿಸುವ ಆಸೆಯಿಂದ ನನ್ನ ಬಳಿಗೆ ಬರುವವರು ಮೊದಲು ಕೇಳುವುದು, ಎಲ್ಲಕ್ಕಿಂತ ಗಟ್ಟಿಯಾಗಿ ಹಿಡಿಯುವ ಬ್ರೇಕ್ ಪ್ಯಾಡ್ ಯಾವುದು ಎಂದು. ಆ ಪ್ಯಾಡ್ ಎಷ್ಟು ಬಿಸಿಯಲ್ಲಿ ಕೆಲಸ ಮಾಡಬೇಕು ಎಂಬುದನ್ನು ಮೊದಲು ತಿಳಿಯದೆ ನಾನು ಉತ್ತರ ಹೇಳುವುದಿಲ್ಲ. 1,200 ಕಿಲೋ ತೂಕದ ಕಾರು ಗಂಟೆಗೆ 100 ಕಿ.ಮೀ. ವೇಗದಿಂದ ನಿಲ್ಲುವಾಗ ಸುಮಾರು 460 ಕಿಲೋಜೂಲ್ ಶಕ್ತಿಯನ್ನು ಕಳೆದುಕೊಳ್ಳಬೇಕು, ಅದರ ಬಹುಪಾಲು ಬ್ರೇಕಿನಲ್ಲಿ ಶಾಖವಾಗುತ್ತದೆ. ವೇಗ ಎರಡು ಪಟ್ಟಾದರೆ ಈ ಶಕ್ತಿ ನಾಲ್ಕು ಪಟ್ಟಾಗುತ್ತದೆ. ರಸ್ತೆಯಲ್ಲಿ ಡಿಸ್ಕ್ (ಚಕ್ರದ ಜೊತೆ ತಿರುಗುವ, ಪ್ಯಾಡ್ ಹಿಡಿಯುವ ತಟ್ಟೆ) ಆರಲು ಬಿಡುವು ಸಿಗುತ್ತದೆ, ಟ್ರ್ಯಾಕ್‌ನಲ್ಲಿ ಅದು ಆರುವ ಮೊದಲೇ ಮುಂದಿನ ತಿರುವು ಬಂದಿರುತ್ತದೆ.

ರಸ್ತೆಯ ಪ್ಯಾಡ್ ಮಿತಿಮೀರಿ ಕಾದಾಗ ಅದರ ಪುಡಿಯನ್ನು ಹಿಡಿದಿಟ್ಟಿರುವ ರಾಳ ಸುಟ್ಟು ಅನಿಲ ಬಿಡುತ್ತದೆ, ಹಿಡಿತ ಕುಸಿಯುತ್ತದೆ. ಆಗ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಆದರೆ ಕಾರು ನಿಲ್ಲುವುದಿಲ್ಲ. ಪೆಡಲ್ ಮೆತ್ತಗಾಗಿ ಕೆಳಕ್ಕೆ ಇಳಿದುಹೋದರೆ ಅದು ಬೇರೆಯೇ ತೊಂದರೆ: ಕುದಿದಿರುವುದು ಪೆಡಲ್‌ನ ಒತ್ತಡವನ್ನು ಬ್ರೇಕಿಗೆ ಮುಟ್ಟಿಸುವ ಬ್ರೇಕ್ ಆಯಿಲ್. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯಬೇಕು. ಗಾಳಿಯ ತೇವ ಹೀರಿಕೊಂಡ ಮೇಲೆ ಆ ದರ್ಜೆಯ ಕನಿಷ್ಠ ಮಿತಿ 155 ಡಿಗ್ರಿ ಮಾತ್ರ. ಹಳೆಯ ಆಯಿಲ್ ಹಾಗೆಯೇ ಉಳಿಸಿಕೊಂಡು ದುಬಾರಿ ಪ್ಯಾಡ್ ಹಾಕಿಸುವುದನ್ನು ಕಂಡಾಗಲೆಲ್ಲ ನನಗೆ ಆತಂಕವಾಗುತ್ತದೆ.

ರೇಸಿಂಗ್ ಪ್ಯಾಡ್‌ನ ಸಮಸ್ಯೆ ರಸ್ತೆಯ ಪ್ಯಾಡ್‌ಗೆ ತದ್ವಿರುದ್ಧ: ತಣ್ಣಗಿದ್ದಾಗ ಅದು ಸರಿಯಾಗಿ ಹಿಡಿಯುವುದಿಲ್ಲ. ದಿನನಿತ್ಯದ ಓಡಾಟಕ್ಕೂ ಅದನ್ನೇ ಹಾಕಿಕೊಂಡಿದ್ದ ಒಬ್ಬರು, ಬೆಳಗಿನ ಮೊದಲ ಸಿಗ್ನಲ್‌ನಲ್ಲಿ ಎಷ್ಟು ಒತ್ತಿದರೂ ಕಾರು ಮುಂದಕ್ಕೇ ಹೋಗುತ್ತದೆ ಎಂದು ದೂರಿಕೊಂಡು ಬಂದರು. ಚಕ್ರ ಬಿಚ್ಚಿ ಡಿಸ್ಕಿನ ಮೇಲೆ ಉಗುರು ಎಳೆದರೆ ಗೀರುಗಳು ಒಂದೊಂದಾಗಿ ತಗಲುತ್ತಿದ್ದವು. ಸರಿಯಾಗಿ ಕಾದ ರೇಸಿಂಗ್ ಪ್ಯಾಡ್ ಡಿಸ್ಕಿನ ಮೇಲೆ ತನ್ನದೇ ತೆಳುವಾದ ಪದರ ಬಿಟ್ಟು ಆ ಪದರದ ಮೇಲೆ ಹಿಡಿಯುತ್ತದೆ. ತಣ್ಣಗಿದ್ದಾಗ ಆ ಪದರವನ್ನೂ ಕೆರೆದು ಡಿಸ್ಕನ್ನೂ ತಿನ್ನುತ್ತದೆ.

ಅನೇಕ ಪ್ಯಾಡ್‌ಗಳ ಅಂಚಿನಲ್ಲಿ ಎಫ್‌ಎಫ್, ಎಫ್‌ಜಿ ಎಂಬಂಥ ಎರಡು ಅಕ್ಷರಗಳಿರುತ್ತವೆ. ಮೊದಲನೆಯದು ಸಾಮಾನ್ಯ ಬಿಸಿಯ, ಎರಡನೆಯದು ಹೆಚ್ಚು ಬಿಸಿಯ ಘರ್ಷಣಾ ಗುಣಾಂಕ, ಅಂದರೆ ಹಿಡಿತದ ಅಳತೆ: ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55. ಆ ಪರೀಕ್ಷೆ ಟ್ರ್ಯಾಕ್‌ನ ಬಿಸಿಯವರೆಗೆ ಹೋಗುವುದಿಲ್ಲವಾದ್ದರಿಂದ ತಯಾರಕರು ಕೊಡುವ ಉಷ್ಣತೆಯ ನಕ್ಷೆಯನ್ನೇ ನೋಡಬೇಕು. ತಣ್ಣಗಿರುವಾಗಿನ ಹಿಡಿತ ಅದರಲ್ಲಿ ಕಾಣದಿದ್ದರೆ ಆ ಪ್ಯಾಡನ್ನು ರಸ್ತೆಗೆ ನಾನು ಹಾಕಿಕೊಡುವುದಿಲ್ಲ.

ವರ್ಷಕ್ಕೆ ಒಂದೆರಡು ಬಾರಿ ಟ್ರ್ಯಾಕ್‌ಗೆ ಹೋಗುವವರಿಗೆ ಒಳ್ಳೆಯ ಫಾಸ್ಟ್ ರೋಡ್ ಪ್ಯಾಡ್ (ರಸ್ತೆಗೂ ಆಗುವ, ಸಾಮಾನ್ಯ ಪ್ಯಾಡ್‌ಗಿಂತ ಹೆಚ್ಚು ಬಿಸಿ ತಡೆಯುವ ಪ್ಯಾಡ್) ಮತ್ತು ಹೊಸ ಆಯಿಲ್ ಸಾಕು. ಅದಕ್ಕಿಂತ ಹೆಚ್ಚು ಓಡಿಸುವವರು ಎರಡು ಜೊತೆ ಪ್ಯಾಡ್ ಇಟ್ಟುಕೊಂಡು ಟ್ರ್ಯಾಕ್‌ನಲ್ಲೇ ಬದಲಿಸುವುದು ಕ್ಷೇಮ. ಪ್ರತಿ ಬಾರಿ ಬದಲಿಸಿದಾಗಲೂ ಪೂರ್ತಿ ನಿಲ್ಲಿಸದೆ, ತಯಾರಕರು ಹೇಳಿದ ಕ್ರಮದಲ್ಲಿ ಹಲವು ಬಾರಿ ವೇಗ ತಗ್ಗಿಸಿ ಪ್ಯಾಡನ್ನು ಡಿಸ್ಕಿಗೆ ಕೂರಿಸಬೇಕು. ಕಾದ ಬ್ರೇಕನ್ನು ಒತ್ತಿಹಿಡಿದು ನಿಂತರೆ ಪ್ಯಾಡ್‌ನ ಅಚ್ಚು ಡಿಸ್ಕಿನ ಮೇಲೆ ಉಳಿಯುತ್ತದೆ; ಆಮೇಲೆ ಪೆಡಲ್ ನಡುಗಿದಾಗ ಡಿಸ್ಕ್ ಸೊಟ್ಟಗಾಗಿದೆ ಎಂದು ಹಲವರು ತಪ್ಪು ತಿಳಿಯುತ್ತಾರೆ. ಟ್ರ್ಯಾಕ್‌ಗೆ ಬಳಸುವ ಪ್ಯಾಡ್ ಅರ್ಧ ಸವೆದೊಡನೆ ತೆಗೆಯುವುದು ಒಳ್ಳೆಯದು, ಏಕೆಂದರೆ ತೆಳುವಾದಷ್ಟೂ ಅದು ಡಿಸ್ಕಿನ ಶಾಖವನ್ನು ಬೇಗ ಕ್ಯಾಲಿಪರ್‌ನಲ್ಲಿ ಪ್ಯಾಡನ್ನು ಡಿಸ್ಕಿಗೆ ಒತ್ತುವ ಪಿಸ್ಟನ್‌ಗೆ, ಅಲ್ಲಿಂದ ಆಯಿಲ್‌ಗೆ ದಾಟಿಸುತ್ತದೆ.